ಸಾರು ಹರಿಯುವ ನೆಲ

ನೆಲದ ಮೇಲೆ ಕೂತು ಉಣ್ಣುವವರಿಗೆ ನೆಲದ ಗುಣ ಬೇಗ ತಿಳಿದುಬಿಡುತ್ತದೆ. ದಾಸರಹಳ್ಳಿಯಲ್ಲಿ ನರಸಪ್ಪ ಕಟ್ಟಿಸಿದ ಹೊಸ ಮನೆಯ ನೆಲದ ಗುಣ ತಿಳಿದದ್ದು ಶ್ರಾವಣದ ಗೃಹಪ್ರವೇಶದ ದಿನ, ಮೊದಲ ಪಂಕ್ತಿಗೆ ಸಾರು ಬಡಿಸಿದಾಗ.

ಹಾಲಿನಲ್ಲಿ ಎರಡು ಸಾಲು ಎಲೆ ಹಾಕಿದ್ದರು. ಬೀದಿ ಬಾಗಿಲ ಕಡೆಯಿಂದ ಮೊದಲನೇ ಎಲೆ ನರಸಪ್ಪನ ಅಣ್ಣ ಚಿಕ್ಕಬೈರಪ್ಪನದು. ಅವನು ಅನ್ನದಲ್ಲಿ ಗುಣಿ ಮಾಡಿಕೊಂಡು ಕಾದಿದ್ದ. ನರಸಪ್ಪನ ಹೆಂಡತಿ ಭಾಗ್ಯಮ್ಮ ಸೌಟಿನ ತುಂಬ ಬೇಳೆಸಾರು ಹಾಕಿದಳು. ಸಾರು ಗುಣಿಯಲ್ಲಿ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಅನ್ನದ ಕಟ್ಟೆ ಒಡೆದು, ಎಲೆಯ ಅಂಚು ದಾಟಿ, ನೆಲದ ಒಂದು ಮೊಸಾಯಿಕ್ ಬಿಲ್ಲೆಯಿಂದ ಇನ್ನೊಂದು ಬಿಲ್ಲೆಗೆ ಮೆಟ್ಟಿಲು ಇಳಿದ ಹಾಗೆ ಇಳಿದು, ಪಕ್ಕದಲ್ಲಿ ಕೂತಿದ್ದ ಅವನ ಬೀಗರ ರೇಷ್ಮೆ ಪಂಚೆಗೆ ಹೋಗಿ ಸೇರಿತು.

"ಅಪ್ಪನ ಜಮೀನು ಕಾರ್ಖಾನೆಗೆ ಓಯ್ತು, ನನ್ ಸಾರು ಬೀಗರಿಗೆ ಓಯ್ತು," ಅಂದ ಚಿಕ್ಕಬೈರಪ್ಪ. "ನನ್ ಅತ್ರ ನಿಲ್ಲೋದು ಯಾವ್ದೂ ಇಲ್ಲ ಬಿಡು."

ಇಡೀ ಸಾಲು ನಕ್ಕಿತು. ನರಸಪ್ಪನೂ ನಗಬೇಕಾಯಿತು. ಆದರೆ ಅವನ ತಾಯಿ ಪಿಳ್ಳಮ್ಮ ನಗಲಿಲ್ಲ. ಅವಳು ಹಳೇ ಮನೆಯಿಂದ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದ ಹಿತ್ತಾಳೆ ದೀಪದ ಮುಂದೆ ಕೂತಿದ್ದಳು. ದೀಪ ವಾಲಿತ್ತು. ಎಣ್ಣೆ ಎಲ್ಲಾ ಒಂದು ಮಗ್ಗುಲಿಗೆ ಸರಿದು, ಬತ್ತಿ ಒಣಗಿ, ಜ್ಯೋತಿ ಚಿಟಪಟ ಅಂದು ಆರಿತು. ಅವಳು ದೀಪದ ಪಾದದ ಕೆಳಗೆ ಎಲೆಯ ಚೂರು ಮಡಿಸಿ ಇಟ್ಟು ಮತ್ತೆ ಹಚ್ಚಿದಳು. ಮತ್ತೆ ಆರಿತು. ನೆಂಟರು ಎಲ್ಲಾ ತಾಂಬೂಲ ತಗೊಂಡು ಬಸ್ ಸ್ಟ್ಯಾಂಡಿನ ಕಡೆ ಹೋಗುವ ತನಕ ಅವಳು ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟಳು.

"ಈ ಸಲಾನೂ ಇರಿಯರ ಎಡೆ ಚಿಕ್ಕಬೈರನ ಮನೇಲೇ ಆಗ್ಲಿ ಕಣ್ಲಾ ನರಸ. ದೀಪ ನಿಲ್ಲದ ಮನೆಗೆ ನಿಮ್ಮಪ್ಪ ಬರಾಕಿಲ್ಲ. ಎಡೆ ಎಲ್ಲಿ ಇಕ್ತಾರೋ ನಾನೂ ಅಲ್ಲೇ ಇರ್ತೀನಿ."

ಅದು ಸಣ್ಣ ಮಾತಲ್ಲ. ಪೀಣ್ಯದ ಕೈಗಾರಿಕೆಗೆ ಹೊಲ ಕೊಟ್ಟು ಬಂದ ಪರಿಹಾರದಲ್ಲಿ ಈ ಸೈಟು ಕೊಂಡವನು ಪಿಳ್ಳಮ್ಮನ ಗಂಡ ಹನುಮಯ್ಯ. ಪಾಯ ತೋಡುವುದಕ್ಕೆ ಮುಂಚೆಯೇ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನು ಹೇಳಿದ್ದು ಒಂದೇ ಮಾತು: "ಮನೆ ಕಟ್ಟು. ಎಡೆ ಇಕ್ಕು. ಬಂದು ಉಂಡೋಗ್ತೀನಿ." ಹೋದ ವರ್ಷ ಮನೆ ಇನ್ನೂ ಗೋಡೆ ಮಟ್ಟದಲ್ಲಿದ್ದದ್ದರಿಂದ ಹಿರಿಯರ ಹಬ್ಬ ಅಣ್ಣನ ಮನೆಯಲ್ಲಿ ನಡೆಯಿತು. ಈ ವರ್ಷ ಇಲ್ಲಿ ಅಂತ ಎಲ್ಲರೂ ಅಂದುಕೊಂಡಿದ್ದರು. ಪಿಳ್ಳಮ್ಮ ತನ್ನ ತಗಡಿನ ಟ್ರಂಕನ್ನೂ ಹಗ್ಗ ಕಟ್ಟಿ ತಂದಿದ್ದಳು. ಈಗ ಆ ಟ್ರಂಕು ಬಾಗಿಲ ಪಕ್ಕ ಹಗ್ಗ ಬಿಚ್ಚದೆ ಕೂತಿತು, ರೈಲು ತಪ್ಪಿಸಿಕೊಂಡ ಪ್ರಯಾಣಿಕನ ಹಾಗೆ.

ನೆಲ ಹಾಕಿದವನು ಭಾಗ್ಯಮ್ಮನ ತಮ್ಮ ಸೊಣ್ಣಪ್ಪ. ಊರು ನೆಲಮಂಗಲದಾಚೆ, ಕೆರೆ ಕೆಳಗೆ ಗದ್ದೆ. ಬೇಸಗೆಯಲ್ಲಿ ಗಾರೆ ಕೆಲಸಕ್ಕೂ ಹೋಗುತ್ತಿದ್ದ. ಊಟಕ್ಕೆ ಹಾಕಿದರೆ ಸಾಕು, ಕೂಲಿ ಬೇಡ ಅಂದಿದ್ದ. ಹಾಗಾಗಿ ಅವತ್ತು ಸಂಜೆ ಮನೆಯಲ್ಲಿ ನಡೆದ ಮಾತು ಹೀಗಿತ್ತು:

"ನಿನ್ನ ತಮ್ಮ ನೆಲ ಹಾಕಿಲ್ಲ ಕಣೆ. ಗದ್ದೆ ಮಾಡವ್ನೆ. ಮೇಲಿನ ಮಡಿ, ಕೆಳಗಿನ ಮಡಿ. ನಾಟಿ ಒಂದು ಬಾಕಿ."

"ಒಂದ್ ಬಿಂದಿಗೆ ನೀರು ಬಾಗ್ಲಲ್ಲಿ ಸುರಿದ್ರೆ ಹಾಲು, ಕೋಣೆ, ಅಡುಗೆಮನೆ ತೊಳ್ಕೊಂಡು ತಾನಾಗೇ ಬಚ್ಚಲಿಗೆ ಹೋಗುತ್ತೆ. ಯಾರ ಮನೇಲೈತೆ ಆ ಸುಖ?"

"ಸಾರೂ ಹೋಗುತ್ತೆ. ನಾಳೆ ನಮ್ಮವ್ವನೂ ಹೋಗ್ತಾಳೆ. ಎಲ್ಲಾ ಅದೇ ಇಳಿಜಾರಲ್ಲಿ."

ಭಾಗ್ಯಮ್ಮ ಪಾತ್ರೆ ಬಡಿದಿಟ್ಟಳು. ತಮ್ಮನ ನೆಲ ಸರಿ ಇಲ್ಲದೆ ಅತ್ತೆ ಮನೆ ಬಿಟ್ಟು ಹೋದಳು ಅನ್ನುವ ಮಾತು ಒಂದು ಸಲ ಹುಟ್ಟಿದರೆ, ಅವಳ ಮಗಳ ಮದುವೆಯ ಊಟದ ತನಕವೂ ಅದನ್ನು ಬಡಿಸುತ್ತಾ ಇರುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಹಿರಿಯರ ಹಬ್ಬಕ್ಕೆ ಉಳಿದಿದ್ದದ್ದು ಭಾದ್ರಪದ ಒಂದು ತಿಂಗಳು, ಅದರ ಮೇಲೆ ಕೆಲವು ದಿನ.

ಮೊದಲು ಪಾಲಿಷ್ ಮೆಷಿನ್ನಿನ ಶ್ಯಾಮಣ್ಣನನ್ನು ಕರೆಸಿದರು. ಮೊಸಾಯಿಕ್ ಬಿಲ್ಲೆ ಹಾಕಿದ ಮೇಲೆ ಮೆಷಿನ್ ಹೊಡೆಸುವುದು ವಾಡಿಕೆ. ದುಡ್ಡು ಸಾಲದೆ ನರಸಪ್ಪ ಅದನ್ನು ಬಿಟ್ಟಿದ್ದ. ಶ್ಯಾಮಣ್ಣ ಚಪ್ಪಲಿ ಕಳಚಿ ಒಳಗೆ ಬಂದು, ಬೆರಳ ಗೆಣ್ಣಿನಿಂದ ಒಂದೊಂದು ಬಿಲ್ಲೆ ತಟ್ಟಿದ. ಕೆಲವು ಟಣ್ ಅಂದವು, ಹೆಚ್ಚಿನವು ಡಬ್ ಅಂದವು.

"ಏನ್ ಸಾರ್ ಇದು, ಇಡೀ ಹಾಲು ತಮಟೆ," ಅಂದ. "ಮೆಷಿನ್ ಇಟ್ರೆ ಬಿಲ್ಲೆ ಎಲ್ಲಾ ಎದ್ದು ನನ್ ಜೊತೆ ಬಸ್ ಹತ್ತುತ್ತೆ."

"ನಿಧಾನಕ್ಕೆ ಹೊಡೆದ್ರೆ?"

"ನಿಧಾನಕ್ಕೆ ಹೊಡೆದ್ರೆ ಡಬಲ್ ರೇಟು." ಅವನು ರೇಟು ಹೇಳಿದ. ಭಾಗ್ಯಮ್ಮ ಅವನಿಗಾಗಿ ತರುತ್ತಿದ್ದ ಕಾಫಿಯನ್ನು ಅರ್ಧ ದಾರಿಯಿಂದ ಒಳಗೆ ವಾಪಸ್ಸು ತಗೊಂಡು ಹೋದಳು.

ನರಸಪ್ಪ ಕೆಲಸಕ್ಕಿದ್ದದ್ದು ಪೀಣ್ಯದ ಒಂದು ಯಂತ್ರದ ಕಾರ್ಖಾನೆಯಲ್ಲಿ. ಅಲ್ಲಿ ತಲೆಗೂದಲಿನ ಹತ್ತನೇ ಪಾಲು ಹೆಚ್ಚುಕಡಿಮೆಯಾದರೂ ಮಾಲು ತಿರಸ್ಕಾರ. ಅಂಥಾ ಜಾಗದಲ್ಲಿ ಇಡೀ ದಿನ ನಿಂತು, ಮನೆಗೆ ಬಂದು ಹೆಬ್ಬೆರಳು ಎಡವಿಕೊಂಡು ಒಳಗೆ ಕಾಲಿಡುವುದು ಅವನಿಗೆ ಸಾಕಾಗಿತ್ತು. ಅವನಿಗೊಂದು ಉಪಾಯ ಹೊಳೆಯಿತು. ಕಾರ್ಖಾನೆಯ ಹಿಂದೆ ಸವೆದ ಸಾಣೆಚಕ್ರದ ತುಂಡುಗಳ ರಾಶಿ ಬಿದ್ದಿತ್ತು. ಮೇಸ್ತ್ರಿಯನ್ನು ಕೇಳಿ ಒಂದು ಚೀಲ ತಂದ.

"ಮೆಷಿನ್ ಯಾಕೆ? ನಾವೇ ಮೆಷಿನ್ನು," ಅಂದ. ಹೆಂಡತಿಗೊಂದು ತುಂಡು, ಮಗಳು ಅನುಸೂಯಳಿಗೊಂದು ತುಂಡು ಕೊಟ್ಟ. "ನೀರು ಹಾಕಿ ಉಜ್ಜೋದು. ಎದ್ದಿರೋ ಅಂಚು ಸವೆಯುತ್ತೆ. ಖರ್ಚು ಸೊನ್ನೆ."

ಅವತ್ತಿನಿಂದ ಸಂಜೆಯಾದರೆ ಆ ಮನೆಯಿಂದ ಒಂದು ಕೊರಕೊರ ಸದ್ದು ಏಳುತ್ತಿತ್ತು. ಬೂದು ಬಣ್ಣದ ರಾಡಿ ಮನೆಯೆಲ್ಲಾ ಹರಿಯಿತು. ಸೀರೆ ಅಂಚಿನಲ್ಲಿ ರಾಡಿ, ನೀರಿನ ಕೊಡದಲ್ಲಿ ರಾಡಿ. ಒಂದು ದಿನ ಮುದ್ದೆಯಲ್ಲಿಯೂ ಬಂತು.

"ಅಮ್ಮ, ಮುದ್ದೇಲಿ ನೆಲ ಬಂದಿದೆ," ಅಂದಳು ಅನುಸೂಯ. ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಟೈಲರಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ನಾಲಗೆ ಅವಳ ಕತ್ತರಿಗಿಂತ ಹರಿತ.

"ಮುದ್ದೆನ ಅಗಿಯೋರು ಯಾರೇ? ನುಂಗು," ಅಂದಳು ಭಾಗ್ಯಮ್ಮ.

"ಅದಕ್ಕೇ ಬದುಕಿದೀವಿ. ಅನ್ನ ಆಗಿದ್ರೆ ಹಲ್ಲು ಹೋಗಿರೋದು. ಕ್ಲಾಸಲ್ಲಿ ನನ್ನ ಕೈ ನೋಡಿ, ಗಾರೆ ಕೆಲಸಕ್ಕೆ ಹೋಗ್ತೀಯೇನೇ ಅಂತ ಕೇಳ್ತಾರಪ್ಪ."

"ಹೂಂ ಅನ್ನು," ಅಂದ ನರಸಪ್ಪ. "ಕೂಲಿ ಕೇಳಿದ್ರೆ ಮಾತ್ರ ನಮ್ಮನೇದು ಅನ್ನು."

ಪಿಳ್ಳಮ್ಮ ಹೊಸಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಟ್ರಂಕು. ಮೊದಮೊದಲು ನೋಡಿದಳು. ಆಮೇಲೆ ತಿದ್ದಿದಳು.

"ಅಂಗಲ್ಲ ಕಣಮ್ಮಿ. ಬೀಸೋದು ಅಂದ್ರೆ ಸೊಂಟದಿಂದ ಬರ್ಬೇಕು, ರಟ್ಟೆಯಿಂದಲ್ಲ. ರಾಗಿಕಲ್ಲು ಮುಟ್ಟಿದ್ರೆ ತಾನೇ ಗೊತ್ತಾಗಾದು. ಮಿಲ್ಲು ಬಂದು ನಿಮ್ಮ ಸೊಂಟ ಎಲ್ಲಾ ಮರ ಆಗೋದ್ವು."

"ಬಂದು ತೋರ್ಸಜ್ಜಿ."

"ನಂಗ್ಯಾಕೆ? ನಾನು ನಾಕ್ ದಿನದ ನೆಂಟಿ."

ಆದರೆ ಮಾರನೇ ಸಂಜೆ ನೆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಇಳಿದಳು. ಕಲ್ಲು ಹಿಡಿದ ಕೂಡಲೇ ಕೈಗೆ ಹಳೇ ಲಯ ಬಂತು, ಲಯ ಬಂದ ಕೂಡಲೇ ಬಾಯಿಗೆ ಮಾತು. ಹಬ್ಬದ ದಿನ ಹನುಮಯ್ಯ ಹೇಗೆ ಉಣ್ಣುತ್ತಿದ್ದ ಅನ್ನುವುದನ್ನು ಅವಳು ಮೊಮ್ಮಗಳಿಗೆ ಹೇಳಿದಳು.

"ನಿಮ್ಮ ತಾತ ಒಂದ್ ಲೋಟದ ತುಂಬ ಎಂಡ ಆಕುಸ್ಕೊಳ್ಳೋನು. ಅರ್ಧ ಕುಡಿಯೋನು. ಇನ್ನರ್ಧ ಎಲೆ ಪಕ್ಕ ಇಟ್ಟು ಗೋಡೆಗೆ ಒರಗ್ಕೊಂಡು ಕಣ್ಮುಚ್ಚೋನು. ಪೂರ್ತಿ ಕುಡಿದದ್ದು ನಾನು ಒಂದ್ ದಿನಾನೂ ಕಾಣೆ."

"ಇನ್ನರ್ಧ ಯಾರು ಕುಡೀತಿದ್ರು?"

ಪಿಳ್ಳಮ್ಮ ಉಜ್ಜುವುದನ್ನು ಜೋರು ಮಾಡಿದಳು. "ಬಾಯ್ಮುಚ್ಕೊಂಡು ಆ ಮೂಲೆ ನೋಡು."

ಗೌರಿ ಹಬ್ಬ ಕಳೆಯುವ ಹೊತ್ತಿಗೆ ಎದ್ದ ಅಂಚುಗಳೆಲ್ಲಾ ಸವೆದವು. ಅಂಗೈ ಆಡಿಸಿದರೆ ನೆಲ ನುಣುಪು. ಅವತ್ತು ಎಲ್ಲರೂ ಒಟ್ಟಿಗೆ ಹಾಲಿನಲ್ಲೇ ಕೂತರು. ಭಾಗ್ಯಮ್ಮ ಹೆಮ್ಮೆಯಿಂದ ಗಂಡನ ತಟ್ಟೆ ತೆಗೆದಿಟ್ಟು, ಪರೀಕ್ಷೆಗೆಂದೇ ಎಲೆ ಹಾಕಿ ಸಾರು ಬಿಟ್ಟಳು. ಮುಂಚೆ ಒಂದೊಂದು ಬಿಲ್ಲೆಯ ಅಂಚಿಗೂ ತಡೆದು ನಿಂತು ಹೋಗುತ್ತಿದ್ದ ಸಾರು, ಈಗ ಅಡ್ಡ ಏನೂ ಇಲ್ಲದ್ದರಿಂದ, ಎಲೆ ಬಿಟ್ಟದ್ದೇ ನೇರವಾಗಿ ಅಡುಗೆಮನೆಗೆ ಹೋಯಿತು.

"ಬಂದ ದಾರಿಗೆ ಸುಂಕ ಇಲ್ಲ," ಅಂದಳು ಪಿಳ್ಳಮ್ಮ. ಅವಳ ದನಿಯಲ್ಲಿ ಗೇಲಿ ಇರಲಿಲ್ಲ. ಎದ್ದು ಹೋಗಿ ದೀಪ ಹಚ್ಚಿದಳು. ಎಣ್ಣೆ ಸರಿಯಿತು, ದೀಪ ಆರಿತು. ಕೈಮುಗಿದು, ಟ್ರಂಕಿನ ಹಗ್ಗ ಬಿಗಿಯಾಗಿದೆಯೇ ಅಂತ ಒಂದು ಸಲ ಎಳೆದು ನೋಡಿದಳು. ಅದನ್ನು ಕಂಡು ನರಸಪ್ಪ ಎಲೆ ಮಡಿಸಿಟ್ಟು ಎದ್ದ.

ಬೆಳಿಗ್ಗೆ ಭಾಗ್ಯಮ್ಮ ಯಾರನ್ನೂ ಕೇಳದೆ ನೆಲಮಂಗಲದ ಬಸ್ಸು ಹತ್ತಿದಳು. ಸಂಜೆ ಬರುವಾಗ ಹಿಂದೆ ತಮ್ಮ ಇದ್ದ. ಸೊಣ್ಣಪ್ಪನ ಒಂದು ಕಂಕುಳಲ್ಲಿ ಗಾರೆ ಮೆತ್ತುವ ಕರಣೆ ಸುತ್ತಿದ ಚೀಲ, ಇನ್ನೊಂದು ಕಂಕುಳಲ್ಲಿ ಹುಂಜ.

"ಎಡೆಗೆ ಅಂತ ತಂದೆ ಭಾವ," ಅಂದ.

"ಎಡೆ ಇಲ್ಲಿ ಇಲ್ಲವಲ್ಲಪ್ಪ, ನಿನ್ನ ದಯದಿಂದ."

"ಇಲ್ದಿದ್ರೆ ಪಲ್ಯಕ್ಕಾಯ್ತು." ಹುಂಜವನ್ನು ನೆಲಕ್ಕೆ ಬಿಟ್ಟ. ಅದು ಉಜ್ಜಿದ ನೆಲದ ಮೇಲೆ ಎರಡು ಹೆಜ್ಜೆ ಇಟ್ಟು, ಜಾರಿ, ಪೃಷ್ಠದ ಮೇಲೆ ಕೂತು, ಅಲ್ಲಿಂದಲೇ ನರಸಪ್ಪನನ್ನು ನೋಡಿತು.

"ನೋಡಿದ್ಯಾ, ಕೋಳಿಗೂ ಗೊತ್ತಾಯ್ತು," ಅಂದ ನರಸಪ್ಪ. "ನೆಲ ಯಾಕೋ ಇಂಗೆ ಮಾಡಿದೆ?"

ಸೊಣ್ಣಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇಂಗೆ ಅಂದ್ರೆ? ಬಾಟ ಕೊಟ್ಟಿದೀನಿ ಭಾವ, ಇಳಿಜಾರು. ನಮ್ಮಪ್ಪ ನಂಗೆ ಕಲ್ಸಿದ್ದೇ ಅದು. ನೀರು ಒಂದ್ ಮೂಲೇಲಿ ಬಂದ್ರೆ ಇನ್ನೊಂದ್ ಮೂಲೇಲಿ ಓಗ್ಬೇಕು. ಮಟ್ಟ ಮಾಡಿದ ಜಾಗದಲ್ಲಿ ನೀರು ನಿಂತು ಬೇರು ಕೊಳೆಯುತ್ತೆ."

"ಮನೇಲಿ ಯಾವ ಬೇರು ಕೊಳೆಯುತ್ತೋ?"

"ಅಭ್ಯಾಸ ಭಾವ. ಕೈಗೆ ಮಟ್ಟ ಬರಾಕಿಲ್ಲ. ಸರಿ, ಬಾಟ ನಂದು, ಒಪ್ಕೊಂಡೆ. ಆದ್ರೆ ಮೆಟ್ಲು ಮೆಟ್ಲು ಆಗಿದ್ದು ನಂದಲ್ಲ." ಅವನು ಹೊರಗೆ ಮಿಕ್ಕಿದ್ದ ಬಿಲ್ಲೆಗಳಿಂದ ಎರಡು ಎತ್ತಿ ತಂದ. ಪಕ್ಕ ಪಕ್ಕ ಹಿಡಿದ. ಒಂದು ತೆಳು, ಒಂದು ದಪ್ಪ. "ಇದು ಓಳಿಗೆ. ಇದು ರೊಟ್ಟಿ. ಒಂದ್ ಮನೇಲಿ ಎರಡೂ ಆಕಿದ್ರೆ ಏನಾಗ್ತೈತೆ? ಬಿಲ್ಲೆ ತಂದೋರು ಯಾರು?"

ಬಿಲ್ಲೆ ತಂದವನು ನರಸಪ್ಪ. ಬಿಲ್ಲೆ ಮಾಡುವ ಒಂದು ಕಾರ್ಖಾನೆಯ ಹಿತ್ತಲಲ್ಲಿ, ಬೇಡ ಅಂತ ಎಸೆದಿದ್ದ ರಾಶಿಯಿಂದ, ಕಾಲು ರೇಟಿಗೆ ಆರಿಸಿ ತಂದಿದ್ದ. ಆರಿಸುವಾಗ ಅವನು ನೋಡಿದ್ದು ಬಣ್ಣ ಮಾತ್ರ. ಕಾರ್ಖಾನೆಯಲ್ಲಿ ದಪ್ಪ ಅಳೆಯುವುದೇ ಅವನ ಕೆಲಸವಾದ್ದರಿಂದ, ಹೊರಗೆ ಬಂದು ಅದನ್ನೇ ಮಾಡಲು ಮನಸ್ಸಾಗಿರಲಿಲ್ಲ.

ಭಾಗ್ಯಮ್ಮ ಗಂಡನನ್ನು ನೋಡಿದಳು. ತಮ್ಮನಿಗೆ ದೊಡ್ಡ ಲೋಟದಲ್ಲಿ ಕಾಫಿ ತಂದಳು. ಗಂಡನಿಗೆ ಚಿಕ್ಕ ಲೋಟದಲ್ಲಿ.

"ಈಗ ಏನ್ ಮಾಡೋದು?" ಅಂದ ನರಸಪ್ಪ ಚಿಕ್ಕ ಲೋಟ ನೋಡುತ್ತಾ.

"ಕೀಳೋದು."

"ಕಿತ್ರೆ ಒಡೆದು ಹೋಗಲ್ವಾ?"

ಸೊಣ್ಣಪ್ಪ ಕರಣೆಯ ಮೂತಿಯನ್ನು ಸಂದಿಗೆ ತೂರಿಸಿ ಮೆಲ್ಲಗೆ ಮೀಟಿದ. ಬಿಲ್ಲೆ ಚೆನ್ನಾಗಿ ಬೆಂದ ದೋಸೆ ಕಾವಲಿಯಿಂದ ಏಳುವ ಹಾಗೆ ಇಡಿಯಾಗಿ ಎದ್ದು ಬಂತು. ಕೆಳಗೆ ಬರೀ ಮರಳು.

"ಸಿಮೆಂಟ್ ಎಷ್ಟು ಹಾಕಿದ್ದೆಯೋ?"

"ನೀವ್ ಎಷ್ಟು ಕೊಟ್ಟಿದ್ರಿ?"

ಅದು ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ. ಪರ್ಮಿಟ್ಟಿನ ಮೂಟೆಯೆಲ್ಲಾ ತಾರಸಿಗೆ ಹೋಗಿತ್ತು. ನೆಲಕ್ಕೆ ಉಳಿದದ್ದು ಅರಿಶಿನ ಕುಂಕುಮದಷ್ಟು. ಸೊಣ್ಣಪ್ಪ ಅದನ್ನೇ ಉದುರಿಸಿದ್ದ.

"ನೋಡಿ, ಜಿಪುಣತನ ಮಾಡಿದ್ದು ಒಳ್ಳೇದಾಯ್ತು," ಅಂದ ಸೊಣ್ಣಪ್ಪ ಸಮಾಧಾನದಿಂದ. "ಸಿಮೆಂಟ್ ಸರಿಯಾಗಿ ಆಕಿದ್ರೆ ಒಂದ್ ಬಿಲ್ಲೆನೂ ಇಡಿಯಾಗಿ ಬರ್ತಿರ್ಲಿಲ್ಲ. ದೇವರು ಬಡವರ ಕೈ ಇಡೀತಾನೆ ಅಂತಾರಲ್ಲ, ಇಂಗೇ."

ಭಗವಂತನ ಹೆಸರು ಬಂದ ಮೇಲೆ ನರಸಪ್ಪ ತಾನೂ ಇನ್ನೊಂದು ಬಿಲ್ಲೆ ಮೀಟಲು ಕೂತ.

ಕೋಣೆ, ಅಡುಗೆಮನೆ, ಬಚ್ಚಲು ಇದ್ದ ಹಾಗೇ ಇರಲಿ, ಹಾಲೊಂದನ್ನು ಮಟ್ಟ ಮಾಡೋಣ ಅಂತ ತೀರ್ಮಾನವಾಯಿತು. ಇಡೀ ಹಾಲು ಕಿತ್ತು ಅಂಗಳಕ್ಕೆ ಬಂತು. ಮನೆಯವರು ಮರಳಿನ ಮೇಲೆ ನಡೆದು ಅಡುಗೆಮನೆಗೆ ಹೋಗುತ್ತಿದ್ದರು, ಜಗಲಿಯಲ್ಲಿ ಮಲಗುತ್ತಿದ್ದರು. ಬಿಲ್ಲೆಗಳನ್ನು ದಪ್ಪದ ಪ್ರಕಾರ ಬೇರೆ ಮಾಡುವ ಕೆಲಸಕ್ಕೆ ಅಜ್ಜಿ ಮೊಮ್ಮಗಳು ಕೂತರು. ಅನುಸೂಯ ಟೈಲರಿಂಗ್ ಟೇಪು ಹಿಡಿದಳು. ಪಿಳ್ಳಮ್ಮ ಬಿಲ್ಲೆಯನ್ನು ರೊಟ್ಟಿ ತಟ್ಟುವವರ ಹಾಗೆ ಕೈಯಿಂದ ಕೈಗೆ ಹಾಕಿ ಹೇಳುತ್ತಿದ್ದಳು. ಕೆಲವು ಸಲ ಇಬ್ಬರೂ ತಪ್ಪು ಹೇಳುತ್ತಿದ್ದರು, ಆಗ ಜಗಳ ಚೆನ್ನಾಗಿರುತ್ತಿತ್ತು.

ಒಳಗೆ ಭಾವ ಭಾಮೈದರ ಜಗಳ ಬೇರೆ. ನರಸಪ್ಪ ಮೇಸ್ತ್ರಿಯಿಂದ ಕಾಡಿಬೇಡಿ ಕಾರ್ಖಾನೆಯ ರಸಮಟ್ಟ ತಂದಿದ್ದ. ಗಾಜಿನ ಕೊಳವೆಯೊಳಗಿನ ಗುಳ್ಳೆ ಸರಿಯಾಗಿ ಮಧ್ಯಕ್ಕೆ ಬರುವ ತನಕ ಅವನು ಬಿಲ್ಲೆ ಬಿಡುತ್ತಿರಲಿಲ್ಲ.

"ಇನ್ನೂ ಒಂಚೂರು ಆ ಕಡೆ ಬಡಿ."

"ಆ ಗುಳ್ಳೆನ ಏನ್ ಭಾವ, ತೊಟ್ಲಲ್ಲಿರೋ ಕೂಸಿನಂಗೆ ನೋಡ್ತೀರಿ? ಉಣ್ಣೋರು ಮನುಷ್ಯರು, ಮೆಷಿನ್ನಲ್ಲ."

"ಬಡಿಯೋ."

"ಬಡಿದೆ."

"ಜಾಸ್ತಿ ಆಯ್ತು. ಎತ್ತು."

ಸೊಣ್ಣಪ್ಪ ಎತ್ತಿದ. ಅಕ್ಕನ ಮುಖ ನೋಡಿ ಎತ್ತಿದ. ಹೀಗೆ ದಿನಕ್ಕೊಂದು ಸಾಲು ಮುಂದುವರಿಯಿತು. ಸಿಮೆಂಟಿಗೆ ನರಸಪ್ಪ ಬೀದಿಯೆಲ್ಲಾ ಅಲೆದ. ಯಾರದೋ ಮನೆಯಲ್ಲಿ ಮಿಕ್ಕ ಅರ್ಧ ಮೂಟೆ, ಇನ್ಯಾರದೋ ಸಂಪಿನ ಪಕ್ಕ ಗಟ್ಟಿಯಾಗುತ್ತಿದ್ದ ಕಾಲು ಮೂಟೆ. ಭಾಗ್ಯಮ್ಮ ಆ ಗಂಟುಗಳನ್ನು ಒನಕೆಯಲ್ಲಿ ಕುಟ್ಟಿ ಜರಡಿ ಹಿಡಿದು ಕೊಟ್ಟಳು.

ಹಿರಿಯರ ಹಬ್ಬದ ಅಮಾವಾಸ್ಯೆಯ ಹಿಂದಿನ ದಿನ ಕೊನೆಯ ಸಾಲು, ದಕ್ಷಿಣದ ಗೋಡೆಯ ಬುಡ. ಕೊನೆಯ ಸಾಲಿನ ಕೊನೆಯ ಬಿಲ್ಲೆಗೆ ಬಂದಾಗ ಸೊಣ್ಣಪ್ಪ ಸಿಮೆಂಟಿನ ಬಾಂಡಲಿ ಕೆರೆದ. ಬಾಂಡಲಿ ಬರಿದು.

"ಮುಗೀತು ಭಾವ."

"ಒಂದೇ ಒಂದು ಬಿಲ್ಲೆ ಕಣೋ."

"ಒಂದ್ ಬಿಲ್ಲೆಗೂ ಸಿಮೆಂಟೇ ಬೇಕು. ಅನ್ನ ಆಕಿ ಅಂಟಿಸ್ಲಾ?"

ಇಬ್ಬರೂ ಮೂಲೆಯನ್ನು ನೋಡುತ್ತಾ ಕೂತರು. ಕೊನೆಗೆ ಒದ್ದೆ ಮರಳು ತುಂಬಿ ಬಿಲ್ಲೆಯನ್ನು ಮೇಲಿಟ್ಟರು. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಉಗುರಿನಷ್ಟು ಏಳುತ್ತಿತ್ತು. ಗೋಡೆಯ ಕಡೆ ಸಂದಿ ಬಾಯಿ ತೆರೆದಿತ್ತು.

"ರಾಗಿ ಡ್ರಮ್ಮು ಇದರ ಮೇಲೆ ಇಟ್ಬಿಡೋಣ," ಅಂದ ನರಸಪ್ಪ. "ಹಬ್ಬ ಕಳೀಲಿ. ಯಾರು ಡ್ರಮ್ಮು ಎತ್ತಿ ನೋಡ್ತಾರೆ?"

ಮಾರನೇ ದಿನ ಹೊತ್ತೇರುವ ಮುಂಚೆಯೇ ಚಿಕ್ಕಬೈರಪ್ಪ ಆಟೋ ತಗೊಂಡು ಬಂದ. "ಅವ್ವ, ಒರಡೋಣ. ಮರಿ ಕುಯ್ದಾಯ್ತು, ಒಲೆ ಮೇಲೈತೆ. ದೀಪ ತಗೊ. ಟ್ರಂಕೂ ತಗೊ," ಅಂದು, ಒಳಗೆ ಇಣುಕಿ, "ಇವತ್ತೇನು, ಸಾರು ಈಜೋಕೆ ಓಗಿಲ್ವಾ?" ಅಂದ.

ಪಿಳ್ಳಮ್ಮ ಸ್ನಾನ ಮಾಡಿ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. "ತಡಿ," ಅಂದಳು. ಚಪ್ಪಲಿ ಕಾಣದ ಕಾಲು ಅವಳದು. ಆ ಬರಿಗಾಲಲ್ಲಿ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಸಾಲು ಹಿಡಿದು ನಿಧಾನವಾಗಿ ನಡೆದಳು, ಗದ್ದೆ ಬದುವಿನ ಮೇಲೆ ನಡೆಯುವ ಹಾಗೆ. ರಾಗಿ ಡ್ರಮ್ಮಿನ ಹತ್ತಿರ ಅವಳ ಹೆಬ್ಬೆರಳು ಒಂದು ಗಳಿಗೆ ನಿಂತಿತು. ಮುಂದೆ ಹೋದಳು. ದೀಪ ತಂದು ದೇವರ ಗೂಡಿನ ಮುಂದೆ ಇಟ್ಟು, ಎಣ್ಣೆ ತುಂಬಿ, ಬತ್ತಿ ಹಚ್ಚಿದಳು. ಭಾಗ್ಯಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದಳು.

ಎಣ್ಣೆ ನಿಂತಿತು. ದೀಪ ನಿಂತಿತು. ಜ್ಯೋತಿ ನೆಟ್ಟಗೆ, ಮಾತು ಮುಗಿಸಿದವರ ಹಾಗೆ ಸುಮ್ಮನೆ ಉರಿಯಿತು.

ಪಿಳ್ಳಮ್ಮ ಕೈಮುಗಿದಳು. ತಿರುಗಿ ದೊಡ್ಡ ಮಗನಿಗೆ, "ಬೈರ, ನಿಮ್ಮನೆ ಪಾತ್ರೆ ಎಲ್ಲಾ ಇದೇ ಆಟೋದಲ್ಲಿ ಇಲ್ಲಿಗೇ ತರ್ಸು. ಎಡೆ ಇಲ್ಲಿ," ಅಂದಳು.

"ಮರಿ ನಂದು, ಮನೆ ಅವಂದಾ?"

"ಅಪ್ಪ ಇಬ್ಬರಿಗೂ ಒಬ್ಬನೇ."

ನರಸಪ್ಪನಿಗೆ ಉಸಿರು ಬಂತು. ಬಂದ ಉಸಿರು ಪೂರ್ತಿ ಹೊರಗೆ ಹೋಗುವ ಮುಂಚೆ ಪಿಳ್ಳಮ್ಮ ದಕ್ಷಿಣದ ಗೋಡೆಯ ಮೂಲೆ ತೋರಿಸಿದಳು.

"ಆ ಡ್ರಮ್ಮು ತೆಗೀರಿ. ಎಡೆ ಅಲ್ಲಿ."

"ಅವ್ವ, ಮಧ್ಯದಲ್ಲಿ ಇಡೋಣ. ಮಟ್ಟವಾಗೈತೆ. ಅಂದ್ರೆ, ಎಲ್ಲಾ ಕಡೆ ಮಟ್ಟವಾಗೇ ಐತೆ..."

"ಮಧ್ಯದಲ್ಲಿ ನಿಮ್ಮಪ್ಪ ಯಾವತ್ತು ಕೂತವ್ನೆ? ಅವನಿಗೆ ಒರಗಾಕೆ ಗೋಡೆ ಬೇಕು. ಮೂಲೆ ಬೇಕು. ತೆಗಿ."

ಡ್ರಮ್ಮು ಉರುಳಿಸಿದರು. ಬಿಲ್ಲೆ ಟಕ್ ಅಂತು. ಸೊಣ್ಣಪ್ಪ ಜೋರಾಗಿ ಕೆಮ್ಮಿದ. ಸದ್ದು ಮುಚ್ಚಿತೋ ಇಲ್ಲವೋ ದೇವರೇ ಬಲ್ಲ.

ಮಧ್ಯಾಹ್ನದ ಹೊತ್ತಿಗೆ ಎಡೆ ಸಿದ್ಧವಾಯಿತು. ಕಳಶಕ್ಕೆ ಹೊಸ ಪಂಚೆ ಉಡಿಸಿದರು. ಎರಡು ಅಗ್ರದ ಎಲೆ ಹಾಸಿ, ಮುದ್ದೆ, ಮರಿಯ ಸಾರು, ಸೊಣ್ಣಪ್ಪನ ಹುಂಜ, ಒಬ್ಬಟ್ಟು, ಎಲೆ ಅಡಿಕೆ, ಒಂದು ಕಟ್ಟು ಬೀಡಿ ಎಲ್ಲಾ ಬಡಿಸಿದರು. ಕೊನೆಗೆ ಪಿಳ್ಳಮ್ಮ ತಾನೇ ಸ್ಟೀಲಿನ ಲೋಟದ ತುಂಬ ಹೆಂಡ ಸುರಿದು, ಎಲೆಯ ಬಲಕ್ಕೆ, ಆ ಬಿಲ್ಲೆಯ ಮೇಲೆ ಇಟ್ಟಳು. ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು, ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು.

ಜಗಲಿಯಲ್ಲಿ ಎಲ್ಲರೂ ಹಸಿದು ಕೂತರು. ಒಳಗಿಂದ ಮಸಾಲೆಯ ಘಮ ಬಾಗಿಲ ಸಂದಿಯಿಂದ ಬರುತ್ತಿತ್ತು. ತುಮಕೂರು ರಸ್ತೆಯಲ್ಲಿ ಶಿಫ್ಟಿನ ಬಸ್ಸು ಹೋದ ಸದ್ದಾಯಿತು. ಆಮೇಲೆ ಒಳಗೆ ಏನೋ ಟಕ್ ಅಂತು. ನರಸಪ್ಪ ಕಣ್ಣು ಮುಚ್ಚಿದ. ಕಳಶ ಉರುಳಿದ್ದನ್ನು, ಸಾರು ಹರಿದದ್ದನ್ನು, ಅವ್ವ ಟ್ರಂಕು ಹಿಡಿದು ಆಟೋ ಹತ್ತಿದ್ದನ್ನು ಕಣ್ಣೊಳಗೇ ನೋಡಿದ.

"ಏನದು?" ಅಂದ ಚಿಕ್ಕಬೈರಪ್ಪ.

"ಬೆಕ್ಕು," ಅಂದ ಸೊಣ್ಣಪ್ಪ.

"ನಮ್ಮನೇಲಿ ಬೆಕ್ಕಿಲ್ಲ," ಅಂದಳು ಅನುಸೂಯ. ಭಾಗ್ಯಮ್ಮ ಅವಳ ತೊಡೆ ಚಿವುಟಿದಳು.

ಪಿಳ್ಳಮ್ಮ ಎದ್ದು ಬಾಗಿಲು ಮೂರು ಸಲ ತಟ್ಟಿ, "ಬರ್ತೀವಿ ಕಣಪ್ಪ," ಅಂತ ಒಳಗಿದ್ದವರಿಗೆ ತಿಳಿಸಿ, ತೆಗೆದಳು.

ಕಳಶ ಇಟ್ಟಲ್ಲೇ ಇತ್ತು. ಎಲೆಯ ಮೇಲಿನ ಊಟ ಬಡಿಸಿದ ಹಾಗೇ ಇತ್ತು. ಲೋಟ ಮಾತ್ರ ಹಾಗಿರಲಿಲ್ಲ. ಅದು ಹಿಂದಕ್ಕೆ ವಾಲಿ, ಬೀಳದೆ, ಹಾಯಾಗಿ ಗೋಡೆಗೆ ಒರಗಿಕೊಂಡಿತ್ತು. ಒಳಗೆ ಅರ್ಧ ಹೆಂಡ ಇತ್ತು. ಇನ್ನರ್ಧ ಇರಲಿಲ್ಲ. ನೆಲದ ಮೇಲೆ ಒಂದು ತೊಟ್ಟೂ ಇರಲಿಲ್ಲ.

ಪಿಳ್ಳಮ್ಮ ಲೋಟವನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ, ಬದುಕಿದ್ದ ಗಂಡನನ್ನು ಗದರುತ್ತಿದ್ದ ದನಿಯಲ್ಲೇ, "ಇಲ್ಲಿಗೆ ಬಂದರೂ ಪೂರ್ತಿ ಕುಡಿಯೋ ಬುದ್ಧಿ ಬರ್ಲಿಲ್ಲ," ಅಂದಳು.

ಚಿಕ್ಕಬೈರಪ್ಪನ ಮುಖ ಸಣ್ಣದಾಯಿತು. "ಓದ ವರ್ಷ ನಮ್ಮನೇಲಿ ಲೋಟ ತುಂಬಿದ್ದು ತುಂಬಿದ್ದಂಗೇ ಇತ್ತು," ಅಂದ. "ನಾನೇನು ಕಮ್ಮಿ ಮಾಡಿದ್ದೆ?"

ನರಸಪ್ಪ ಬಗ್ಗಿ ಹೆಬ್ಬೆರಳಿನಿಂದ ಬಿಲ್ಲೆಯ ತುದಿ ಒತ್ತಲು ಹೋದ. ಗೋಡೆಯ ಕಡೆಯ ಸಂದಿ, ಅದರ ಕೆಳಗಿನ ಮರಳು, ಎಲ್ಲಾ ಅವನ ತಲೆಯಲ್ಲಿ ಲೆಕ್ಕಕ್ಕೆ ಕೂರುತ್ತಿತ್ತು. ಭಾಮೈದನ ಕಡೆ ನೋಡಿದ. ಭಾಮೈದ ತಾರಸಿ ನೋಡುತ್ತಿದ್ದ.

"ಅದನ್ನ ಮುಟ್ಟಬೇಡ ನರಸ," ಅಂದಳು ಪಿಳ್ಳಮ್ಮ. "ಇವತ್ತೂ ಬೇಡ, ನಾಳೆ ಸಿಮೆಂಟ್ ಬಂದ ಮೇಲೂ ಬೇಡ."

ಎಲ್ಲರೂ ಕೈಕಾಲು ತೊಳೆಯಲು ಹೋದಾಗ ಭಾಗ್ಯಮ್ಮ ಅತ್ತೆಯ ಹತ್ತಿರ ನಿಂತು ಮೆಲ್ಲಗೆ ಕೇಳಿದಳು. "ಅತ್ತೆ, ಆ ಬಿಲ್ಲೆ ಅಲ್ಲಾಡ್ತಿತ್ತು. ನಿಮಗೆ ಕಾಲಿಗೆ ಗೊತ್ತಾಗಿತ್ತಲ್ವಾ?"

ಪಿಳ್ಳಮ್ಮ ಎಡೆಯ ಮುಂದಿನ ಬತ್ತಿ ಸರಿಮಾಡುತ್ತಿದ್ದಳು.

"ಕುಡಿದಾಗ ನಿಮ್ಮ ಮಾವನೂ ಅಲ್ಲಾಡೋನು," ಅಂದಳು. "ಅಂತ ಬರದೇ ಇದ್ನಾ ಮನೆಗೆ? ಓಗು, ಎಲ್ಲರಿಗೂ ಎಲೆ ಆಕು. ಅನುಸೂಯಂಗೆ ಯೋಳು, ನನ್ ಟ್ರಂಕಿನ ಅಗ್ಗ ಬಿಚ್ಚಿ ಇತ್ತಲಲ್ಲಿ ಬಟ್ಟೆ ಒಣಗಾಕೋಕೆ ಕಟ್ಲಿ ಅಂತ."

ಹಾಲಿನಲ್ಲಿ ಎಲೆಗಳ ಸಾಲು ಬಿತ್ತು. ಬಾಗಿಲ ಕಡೆಯಿಂದ ಮೊದಲನೇ ಎಲೆಗೆ ಚಿಕ್ಕಬೈರಪ್ಪ ಕೂತ. ಇವತ್ತು ಅವನಿಗೆ ಗೇಲಿ ಮಾಡಲು ಏನೂ ಸಿಗಲಿಲ್ಲ. ಮುದ್ದೆ ಮುರಿಯುತ್ತಾ, ಎರಡು ಸಲ ಆ ಮೂಲೆಯ ಕಡೆ ನೋಡಿ, ಬಡಿಸಲು ಬಗ್ಗಿದ ಭಾಗ್ಯಮ್ಮನಿಗೆ ಮಾತ್ರ ಕೇಳುವ ಹಾಗೆ ಅಂದ:

"ನಮ್ಮ ಆಲಿಗೂ ಬಿಲ್ಲೆ ಆಕುಸ್ಬೇಕು ಅಂತಿದೀನಿ ಕಣಮ್ಮ. ನಿನ್ ತಮ್ಮ ಯಾವಾಗ ಬಿಡುವಾಗ್ತಾನೆ?"

ಭಾಗ್ಯಮ್ಮ ಶ್ರಾವಣದಿಂದ ನುಂಗಿಕೊಂಡ ಮಾತುಗಳನ್ನೆಲ್ಲಾ ನೆನೆದು, ಸೌಟು ತುಂಬಿಕೊಂಡಳು.

"ಕೇಳ್ಬೇಕು ಭಾವ," ಅಂದಳು. "ಈಗ ಅವ್ನಿಗೆ ಬಾಳ ಬೇಡಿಕೆ."

ಅವನ ಎಲೆಗೆ ಸಾರು ಬಿಟ್ಟಳು. ಸಾರು ಬಿಟ್ಟಲ್ಲೇ ನಿಂತಿತು.